ಮಧುತ್ಯಾಗವೂ ಋತುಮಾನದ ಅಲರ್ಜಿಯೂ

ಶ್ರಾವಕನ ಮೂಲಗುಣಗಳಲ್ಲಿ ಮದ್ಯ, ಮಾಂಸಗಳೊಡನೆ ಮಧುವಿನ ತ್ಯಾಗವೂ ಸೇರಿದೆಯೆಂಬುದು ಪಾಠಶಾಲೆಯ ಬಾಲಕರಿಗೂ ತಿಳಿದ ವಿಷಯ. ಮೊದಲಿನ ಎರಡನ್ನು ಕುರಿತು ನಮ್ಮ ಮನೆಗಳಲ್ಲಿ ಸಂದೇಹವೇ ಹುಟ್ಟುವುದಿಲ್ಲ. ಮೂರನೆಯದರ ಮಾತು ಹಾಗಲ್ಲ. ಅದು ಔಷಧದ ವೇಷದಲ್ಲಿ ಮನೆಯೊಳಗೆ ಬರುತ್ತದೆ. ಕೊಡಗಿನಲ್ಲಿ ನೆಲೆಸಿರುವ ನಮಗಂತೂ ಈ ಪರೀಕ್ಷೆ ಹೆಚ್ಚು. ಭಾಗಮಂಡಲ, ವಿರಾಜಪೇಟೆಗಳ ಕಡೆಯ ಜೇನು ನಾಡಿಗೆಲ್ಲ ಹೆಸರಾದದ್ದು. ಸೀನಿದರೆ ಜೇನು, ಕೆಮ್ಮಿದರೆ ಜೇನು, ಗಂಟಲು ಕೆರೆದರೂ ಜೇನು ಎಂಬುದು ಇಲ್ಲಿಯ ನೆರೆಹೊರೆಯವರ ಪ್ರೀತಿಯ ಸಲಹೆ.

ಕಳೆದ ಫಾಲ್ಗುಣದಲ್ಲಿ, ಕಾಫಿಯ ಹೂಮಳೆ ಬಿದ್ದ ಮರುವಾರ, ಶ್ರಾವಿಕೆಯೊಬ್ಬರು ಎಂಟು ತಿಂಗಳ ಕೂಸನ್ನೆತ್ತಿಕೊಂಡು ಬಂದು, “ಮೇಷ್ಟ್ರೇ, ನನಗೂ ದೊಡ್ಡ ಹುಡುಗನಿಗೂ ಬೆಳಗಾದರೆ ಸೀನು, ಮೂಗು ಸೋರುತ್ತದೆ, ಕಣ್ಣು ತುರಿಸುತ್ತದೆ. ಈ ಊರಿನ ಜೇನನ್ನು ದಿನಕ್ಕೊಂದು ಚಮಚ ತಿಂದರೆ ಈ ಊರಿನ ಹೂವಿನ ಧೂಳು ಮೈಗೆ ಒಗ್ಗುತ್ತದಂತೆ. ಕೂಸಿಗೂ ನೆಕ್ಕಿಸಿ ಎನ್ನುತ್ತಾರೆ. ಔಷಧವೆಂದು ತೆಗೆದುಕೊಂಡರೆ ವ್ರತಭಂಗವೇ?” ಎಂದು ಕೇಳಿದರು. ಅಂದು ಅವರಿಗೆ ಹೇಳಿದುದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮಧುವನ್ನು ತ್ರಸಜೀವಿಗಳ ಘಾತದ ಕಾರಣದಿಂದ ವರ್ಜಿಸಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಮುಂದೆ ಹೋಗಿ, ಗೂಡಿನಿಂದ ತಾನಾಗಿಯೇ ಒಸರಿದ ಜೇನನ್ನು ತೆಗೆದುಕೊಂಡರೂ ಅದನ್ನಾಶ್ರಯಿಸಿದ ಜೀವಿಗಳ ಘಾತದಿಂದ ಹಿಂಸೆಯಾಗುತ್ತದೆಂದು ವಿಧಿಸಿದ್ದಾರೆ. “ಈಗಿನದು ಪೆಟ್ಟಿಗೆಯ ಜೇನು, ಯಂತ್ರದಿಂದ ತೆಗೆಯುತ್ತಾರೆ, ಹುಳು ಸಾಯುವುದಿಲ್ಲ” ಎಂಬ ಸಮಾಧಾನಕ್ಕೆ ಸುಮಾರು ಸಾವಿರ ವರ್ಷಗಳ ಹಿಂದೆಯೇ ಉತ್ತರ ಸಿದ್ಧವಾಗಿತ್ತೆಂದು ತಿಳಿಯಬೇಕು.

ಇನ್ನು ವೈದ್ಯದ ಮಾತು. ಸೀನು ಬರಿಸುವ ಪರಾಗವು ಬಹುಪಾಲು ಗಾಳಿಯಲ್ಲಿ ತೇಲುವಂಥದು. ಹುಲ್ಲುಗಳದು, ಕೆಲವು ಮರಗಳದು. ಜೇನುಹುಳು ಹೊತ್ತು ತರುವುದು ಹೂವಿನ ಅಂಟುಳ್ಳ, ಭಾರವಾದ ಪರಾಗ. ಒಂದನ್ನು ತಿಂದರೆ ಇನ್ನೊಂದು ಒಗ್ಗೀತೆಂಬುದಕ್ಕೆ ಆಧಾರ ದೊರೆತಿಲ್ಲ. ಕೆಮ್ಮಿನ ವಿಷಯದಲ್ಲಿ ಮಾತ್ರ ಜೇನಿನಿಂದ ತುಸು ಉಪಶಮನವಾಗುವುದು ದಿಟ. ಸತ್ಯವ್ರತವನ್ನು ಹೇಳಿಕೊಟ್ಟವನು ಅದನ್ನು ಮುಚ್ಚಿಡಲಾರೆ. ಆದರೆ ಆ ಉಪಶಮನ ಬಿಸಿ ಕಷಾಯದಿಂದಲೂ ದೊರೆಯುತ್ತದೆ. ಒಂದು ವರ್ಷ ತುಂಬದ ಕೂಸಿಗಂತೂ ವ್ರತವಿರಲಿ ಬಿಡಲಿ, ಯಾವ ಜಾತಿಯ ಮನೆಯಲ್ಲಿಯೂ ಜೇನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಸೂಕ್ಷ್ಮಾಣುವಿನಿಂದ ಬೊಟುಲಿಸಮ್ ಎಂಬ, ಸ್ನಾಯುಗಳನ್ನು ಸಡಿಲಗೊಳಿಸಿ ಉಸಿರಿಗೇ ಅಪಾಯ ತರುವ ವಿಷರೋಗ ಬರಬಹುದೆಂದು ಮಕ್ಕಳ ವೈದ್ಯರು ಸ್ಪಷ್ಟವಾಗಿ ಎಚ್ಚರಿಸುತ್ತಾರೆ. ಆ ತಾಯಿಗೆ ಮೊದಲು ಹೇಳಿದ ಮಾತೂ ಇದೇ.

ಕಷಾಯಕ್ಕೆ ಒಣಶುಂಠಿ, ಕಾಳುಮೆಣಸು, ಜೀರಿಗೆ, ಬೆಲ್ಲ ಸಾಕು. ಮೆಣಸಿಗೆ ಕೊಡಗಿನಲ್ಲಿ ಬರವೇ? ಹಸಿಶುಂಠಿ ಬೇಡ, ಅಲ್ಪಫಲ ಬಹುವಿಘಾತದ ವಸ್ತುಗಳಲ್ಲಿ ಸಮಂತಭದ್ರರು ಅದನ್ನು ಹೆಸರಿಸಿಯೇ ಹೇಳಿದ್ದಾರೆ. ಒಣಗಿದ ಶುಂಠಿಗೆ ಆ ದೋಷವಿಲ್ಲ. ಸಕ್ಕರೆ ಕಾಯಿಲೆಯವರು ಬೆಲ್ಲವನ್ನು ಬಿಡತಕ್ಕದ್ದು. ಕಕ್ಕಡದ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ 3ರಂದು, ಕೊಡವ ನೆರೆಯವರು ಮದ್ದುಸೊಪ್ಪಿನ ಪಾಯಸ ಕಳುಹಿಸಿದಾಗ ಜೊತೆಗೆ ಜೇನಿದ್ದರೆ ವಿನಯದಿಂದ ತಿಳಿಸಿದರಾಯಿತು. ಅವರು ತಪ್ಪು ತಿಳಿಯುವುದಿಲ್ಲ. ಮದ್ಯ ಮಾಂಸಗಳನ್ನು ಬಿಟ್ಟು ಚಿಕಿತ್ಸೆ ನಡೆಸುವುದು ನಮ್ಮವರಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಿಸಿದ ಕರ್ಣಾಟಕ ಕಲ್ಯಾಣಕಾರಕದ ಚಿಕಿತ್ಸೆಯೇ ಅಂಥದು.

ಆದರೆ ಕಷಾಯದಿಂದ ಗಂಟಲು ಹಿತವಾಗುತ್ತದೆಯೇ ಹೊರತು ಅಲರ್ಜಿಯ ಬೇರು ಕೀಳುವುದಿಲ್ಲ. ಬೇರು ಇರುವುದು ಮನೆಯೊಳಗೆ. ಫಾಲ್ಗುಣ, ಚೈತ್ರಗಳ ಸೀನು ಕೆಲವು ವಾರಗಳದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ ಗೋಡೆ ಬೆವರಿ, ಪೆಟ್ಟಿಗೆಯ ಬಟ್ಟೆಗೆ ಬೂಷ್ಟು ಹಿಡಿದು, ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳುಹುಳುಗಳು ಹೆಚ್ಚಿ ಉಂಟಾಗುವ ಉಬ್ಬಸ ವರ್ಷವಿಡೀ ಕಾಡುತ್ತದೆ. ಈ ಹುಳು ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು ತಿಂದು, ತೇವವಿದ್ದಲ್ಲಿ ಬೆಳೆಯುತ್ತದೆ. ಅದರ ಮಲವೇ ಸೀನಿಗೆ ಕಾರಣ.

ಇಲ್ಲಿ ಸೂಕ್ಷ್ಮವಾದ ಒಂದು ಶಂಕೆ ಏಳುತ್ತದೆ. ಹಾಸಿಗೆಯ ಬಟ್ಟೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ, ಹುಳು ಸಾಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಕೊಲ್ಲುವ ಉದ್ದೇಶದಿಂದಲೇ ಒಗೆದರೆ ಅದು ಸಂಕಲ್ಪೀ ಹಿಂಸೆಯ ಹತ್ತಿರ ಬರುತ್ತದೆ. ಗೃಹಸ್ಥನು ಬಿಟ್ಟಿರುವುದು ಅದನ್ನೇ. ಮನೆಯ ಶುಚಿಗಾಗಿ ಮಾಡುವ ಕೆಲಸದಲ್ಲಿ ತಪ್ಪಿಸಲಾಗದೆ ಆಗುವುದು ಆರಂಭೀ ಹಿಂಸೆ. ಇವೆರಡರ ನಡುವೆ ತೂಗಾಡುವುದಕ್ಕಿಂತ ಹುಳು ಹುಟ್ಟದಂತೆ ನೋಡಿಕೊಳ್ಳುವುದೇ ಮೇಲು. ತೇವವೂ ಕೊಳೆಯೂ ಸೇರಿದಲ್ಲಿ ಸಮ್ಮೂರ್ಛನ ಜೀವಿಗಳ ಉತ್ಪತ್ತಿಯೆಂದು ಆಗಮ ಹೇಳುತ್ತದಷ್ಟೆ. ಆದುದರಿಂದ ಆಷಾಢದ ಚಾತುರ್ಮಾಸ ಹತ್ತಿರವಾಗುವ ಮುನ್ನ, ವೈಶಾಖದ ಬಿಸಿಲಿರುವಾಗಲೇ ಹಾಸಿಗೆ, ಕಂಬಳಿ, ದಿಂಬುಗಳನ್ನು ನಾಲ್ಕಾರು ದಿನ ಚೆನ್ನಾಗಿ ಒಣಗಿಸಿ ಕೊಡವಬೇಕು. ದಪ್ಪ ಹಾಸಿಗೆಗಿಂತ ಚಾಪೆ, ಜಮಖಾನ ಉತ್ತಮ. ಮಂಚ ಗೋಡೆಯಿಂದ ಒಂದು ಗೇಣು ದೂರವಿರಲಿ. ದಿನವೂ ಬೆಳಕಿನಲ್ಲಿ, ಜೀವಿಗಳನ್ನು ನೋಡಿಕೊಂಡು ಮೆತ್ತಗೆ ಗುಡಿಸಿ, ಹಿಂಡಿದ ಬಟ್ಟೆಯಿಂದ ನೆಲ ಒರೆಸಿದರೆ ಧೂಳು ಮೇಲೇಳದು. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಬಾರದು. ಬಚ್ಚಲ ಒಲೆಯ ಮೇಲೆ ಒಣಗಿಸುವ ನಮ್ಮ ಪದ್ಧತಿಯಲ್ಲಿ ಹೊಗೆ ಹೊರಹೋಗುವ ದಾರಿ ಚೊಕ್ಕಟವಾಗಿರಬೇಕು, ಹೊಗೆಯೂ ಉಬ್ಬಸದ ಶತ್ರುವೇ. ಹಸಿ ಕಾಫಿಬೀಜದ ಧೂಳು ಕೂಡ ಕೆಲವರಿಗೆ ಒಗ್ಗದು. ಬೀಜದ ಮೂಟೆಗಳನ್ನು ವಾಸದ ಕೋಣೆಯಲ್ಲಿ ಪೇರಿಸುವವರು ಇದನ್ನು ಗಮನಿಸತಕ್ಕದ್ದು.

ಮೂಗನ್ನು ಉಗುರುಬೆಚ್ಚಗಿನ ಉಪ್ಪುನೀರಿನಿಂದ ತೊಳೆಯುವುದು ದೊಡ್ಡವರಿಗೆ ನಿಜವಾಗಿ ಗುಣಕಾರಿ. ಕಾಲು ಲೀಟರು ನೀರಿಗೆ ಅರ್ಧ ಚಹಾ ಚಮಚದಷ್ಟು ಉಪ್ಪು ಸಾಕು. ನೀರಿನ ವಿಷಯದಲ್ಲಿ ಮಾತ್ರ ಲೇಶವೂ ಸಡಿಲಿಕೆ ಸಲ್ಲದು. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಕೊಳೆತ ನೀರಿನ ಅಮೀಬಾ ಮೂಗಿನ ಮೂಲಕ ಮಿದುಳಿಗೇರಿ ಜನ ಸತ್ತ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕೆರೆಯ, ಬಾವಿಯ, ನಲ್ಲಿಯ ಹಸಿನೀರನ್ನು ಮೂಗಿಗೆ ಹಾಕಲೇಬಾರದು. ಜೈನ ಗೃಹಿಣಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಜೀವಾನಿಯನ್ನು ನೀರು ಸೇದಿದಲ್ಲಿಗೇ ಮೆಲ್ಲನೆ ಬಿಟ್ಟು, ಬಳಿಕ ನೀರನ್ನು ಕುದಿಸುವುದು ಅವಳ ನಿತ್ಯಕರ್ಮ. ಸೋಸಿದ ನೀರಿಗೆ ಎರಡು ಘಳಿಗೆ, ಕುದಿಸಿದ ನೀರಿಗೆ ಇಪ್ಪತ್ತನಾಲ್ಕು ಗಂಟೆ ಎಂಬ ಮರ್ಯಾದೆಯನ್ನು ಮೂಗಿನ ನೀರಿಗೂ ಪಾಲಿಸಿ, ಪ್ರತಿದಿನ ಹೊಸದಾಗಿ ಕುದಿಸಿ ಆರಿಸಿಕೊಳ್ಳಲಿ. ಮಕ್ಕಳಿಗೆ ಕುದಿನೀರಿನ ಹಬೆ ಹಿಡಿಸುವುದು ಬೇಡ. ಪಾತ್ರೆ ಮಗುಚಿ ಸುಟ್ಟ ಮಕ್ಕಳು ಕಡಿಮೆಯಲ್ಲ.

ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮವೂ ಕೆಮ್ಮಿನವರಿಗೆ ಅನುಕೂಲವೇ. ಉಂಡೊಡನೆ ಮಲಗಿದಾಗ ಹುಳಿತೇಗು ಮೇಲೇರಿ ಕೆಮ್ಮು ಕೆರಳುವುದು ಇದರಿಂದ ತಪ್ಪುತ್ತದೆ. ಹಾಗೆಂದು ಆ ವ್ರತವನ್ನು ಔಷಧಿಯ ಮಟ್ಟಕ್ಕೆ ಇಳಿಸುವವನು ನಾನಲ್ಲ.

ಬಾಕಿ ಉಳಿದುದು ಉಪವಾಸದ ಮಾತು. ದಶಲಕ್ಷಣ ಪರ್ವವು ಭಾದ್ರಪದದಲ್ಲಿ, ಮಳೆ ತೇವ ಇನ್ನೂ ಆರದಿರುವಾಗಲೇ ಬರುತ್ತದೆ. ಉಬ್ಬಸವಿರುವವರು ಹತ್ತು ದಿನದ ನಿಯಮ ಹಿಡಿದು, ವೈದ್ಯರು ಗೊತ್ತುಪಡಿಸಿದ ಉಸಿರುಮದ್ದನ್ನು ತಾವಾಗಿಯೇ ನಿಲ್ಲಿಸುವುದನ್ನು ಕಂಡಿದ್ದೇನೆ. ಇದು ಸರಿಯಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ “ಶಕ್ತಿತಃ” ಎಂಬ ವಿಶೇಷಣವನ್ನು ಆಚಾರ್ಯರು ಸುಮ್ಮನೆ ಸೇರಿಸಿಲ್ಲ. ಅನಶನ ಆಗದವರಿಗೆ ಅವಮೌದರ್ಯವಿದೆ, ರಸಪರಿತ್ಯಾಗವಿದೆ, ಅವೂ ಬಾಹ್ಯತಪಸ್ಸುಗಳೇ. ಪರ್ವಕ್ಕೆ ಒಂದು ತಿಂಗಳು ಮೊದಲೇ ವೈದ್ಯರನ್ನು ಕಂಡು, ಹಗಲಿನ ಒಪ್ಪೊತ್ತಿಗೆ ಯಾವ ಮದ್ದನ್ನು ಹೊಂದಿಸಬಹುದು, ಯಾವುದನ್ನು ಯಾವ ಹೊತ್ತಿನಲ್ಲಿಯೂ ಬಿಡಕೂಡದು ಎಂದು ಕೇಳಿಕೊಂಡು, ಅದರಂತೆ ಗುರುಗಳ ಮುಂದೆ ನಿಯಮ ಸ್ವೀಕರಿಸಬೇಕು. ಮಾತನಾಡಲೂ ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಕೂಸಿನ ಪಕ್ಕೆ ಒಳಸೇದಿದರೆ ಕಷಾಯ ಕಾಸುತ್ತ ಕೂರದೆ, ಹಗಲಾಗಲಿ ರಾತ್ರಿಯಾಗಲಿ, ಆಸ್ಪತ್ರೆಗೆ ಹೊರಡತಕ್ಕದ್ದು.