ಚಿಲ್ಲರೆ ರೊಕ್ಕ, ಐದು ಡಬ್ಬಿ: ಜೂನ್ ತಿಂಗಳಿಗೆ ಮನೆಯ ತಯಾರಿ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಬರುವ ಅರ್ಜಿಗಳನ್ನು ನೋಡುವಾಗ ಒಂದು ಸಂಗತಿ ನಮ್ಮ ಕಣ್ಣಿಗೆ ಮತ್ತೆ ಮತ್ತೆ ಬೀಳುತ್ತದೆ. ಮಕ್ಕಳ ಓದು ನಿಲ್ಲುವುದು ಯಾವಾಗಲೂ ದೊಡ್ಡ ಮೊತ್ತ ಇಲ್ಲದ್ದಕ್ಕೆ ಅಲ್ಲ. ಜೂನ್ ತಿಂಗಳಲ್ಲಿ ಎರಡು-ಮೂರು ಸಾವಿರ ರೂಪಾಯಿ ಕೈಯಲ್ಲಿ ಇಲ್ಲದ್ದಕ್ಕೂ ನಿಲ್ಲುತ್ತದೆ. ವಿದ್ಯಾರ್ಥಿವೇತನ ಬರುವುದು ಪ್ರವೇಶ ಆದ ಮೇಲೆ. ಪ್ರವೇಶ ಶುಲ್ಕ, ನೋಟ್‌ಬುಕ್, ಸಮವಸ್ತ್ರದ ಹೊಲಿಗೆ ಕೂಲಿ ಇವೆಲ್ಲ ಅದಕ್ಕಿಂತ ಮೊದಲು ಬೇಕು. ಹತ್ತನೇ ತರಗತಿ ಪಾಸಾದ ಹುಡುಗಿಯ ಪಿಯುಸಿ ಪ್ರವೇಶ ಈ ನಡುವಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. "ಈ ವರ್ಷ ಇರಲಿ, ಮುಂದಿನ ವರ್ಷ ನೋಡೋಣ" ಎಂದ ಮನೆಗಳಲ್ಲಿ ಆ ಮುಂದಿನ ವರ್ಷ ಬರುವುದು ಕಷ್ಟ.

ಈ ಸಂದಿಯನ್ನು ತುಂಬಲು ಮನೆಯಲ್ಲಿಯೇ ಮಾಡಬಹುದಾದ ಒಂದು ಪದ್ಧತಿಯನ್ನು ಈ ಪಾಠದಲ್ಲಿ ವಿವರಿಸುತ್ತೇವೆ. ಇದು ಹೊಸದಲ್ಲ. ನಮ್ಮ ತಾಯಂದಿರ ಸಾಸಿವೆ ಡಬ್ಬಿಯನ್ನೇ ಸ್ವಲ್ಪ ಕ್ರಮಕ್ಕೆ ತರುವ ಕೆಲಸ.

ರೊಕ್ಕ ಬರುವ ಕಾಲ, ಹೋಗುವ ಕಾಲ

ನಮ್ಮ ಭಾಗದಲ್ಲಿ ಸಂಪಾದನೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ತೊಗರಿ ರಾಶಿ ಡಿಸೆಂಬರ್-ಜನವರಿಗೆ. ಅದರ ಹಿಂದೆಯೇ ದಾಲ್ ಮಿಲ್ಲಿನ ಕೆಲಸ, ಹಮಾಲಿ ಕೆಲಸ, ಲಾರಿ ಬಾಡಿಗೆ. ಜೇವರ್ಗಿ ಕಡೆ ಹತ್ತಿ ಬಿಡಿಸುವ ಕೂಲಿ, ಅಫಜಲಪುರದ ಭೀಮಾ ತೀರದಲ್ಲಿ ಕಬ್ಬು ಕಡಿಯುವ ಕೂಲಿ ಕೂಡ ಚಳಿಗಾಲದ್ದೇ. ಹೊಲ ಇಲ್ಲದ ಆಟೋದವರು, ಟೇಲರ್‌ಗಳು, ತಳ್ಳುಗಾಡಿಯವರ ವ್ಯಾಪಾರವೂ ರಾಶಿಯ ರೊಕ್ಕ ಬಾಜಾರಿಗೆ ಬಂದಾಗಲೇ ಏಳುತ್ತದೆ. ಮೇ-ಜೂನ್ ಹೊತ್ತಿಗೆ ಎಲ್ಲರ ಕೈಯೂ ಖಾಲಿ. ಶಾಲೆಗಳು ಬಾಗಿಲು ತೆರೆಯುವುದು ಆಗಲೇ.

ಇದರ ಜೊತೆಗೆ ನಮ್ಮ ಮನೆಗಳು ಎರಡು ಕ್ಯಾಲೆಂಡರ್ ನೋಡಿ ನಡೆಯುತ್ತವೆ. ರಾಶಿಯ ತಿಂಗಳು, ಶಾಲೆಯ ತಿಂಗಳು ಕದಲುವುದಿಲ್ಲ. ಹಿಜರಿ ವರ್ಷ ಮಾತ್ರ ಸುಮಾರು 354 ದಿನದ್ದು. ಹಬ್ಬಗಳು ಪ್ರತಿ ವರ್ಷ ಸುಮಾರು 11 ದಿನ ಮುಂಚಿತವಾಗಿ ಬರುತ್ತವೆ. ಬಕ್ರೀದ್ 2024ರಲ್ಲಿ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. ಅಂದರೆ ಎರಡು ವರ್ಷವೂ ಹಬ್ಬದ ಖರ್ಚು ಶಾಲೆಯ ಖರ್ಚಿನ ಮೇಲೆಯೇ ಬಂದು ಬಿತ್ತು. ರಮಜಾನ್ ಈಗ ಮಾರ್ಚ್‌ನಿಂದ ಫೆಬ್ರವರಿಗೆ, ಅಲ್ಲಿಂದ ಜನವರಿಗೆ ಸರಿಯುತ್ತಿದೆ. ರಾಶಿಯ ಕಾಲಕ್ಕೆ ಹತ್ತಿರವಾಗುತ್ತಿದೆ. ಆದ್ದರಿಂದ ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ಹಾಗೆಯೇ ಹೊಂದುವುದಿಲ್ಲ. ವರ್ಷದ ಮೊದಲಿಗೆ ಎರಡೂ ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಯಾವ ತಿಂಗಳು ಭಾರ ಎಂದು ಗುರುತು ಹಾಕಿಕೊಳ್ಳಿ.

ಐದು ಡಬ್ಬಿಯ ಪದ್ಧತಿ

ಖಾಲಿಯಾದ ಐದು ಡಬ್ಬಿ ಸಾಕು, ಕೊಳ್ಳಬೇಕಾಗಿಲ್ಲ. ಒಂದೊಂದಕ್ಕೂ ಹೆಸರು ಬರೆದು ಅಂಟಿಸಿ. ಉದಾಹರಣೆಗೆ, ವಾರಕ್ಕೆ 3,000 ರೂಪಾಯಿ ಬರುವ ಒಂದು ಮನೆಯನ್ನು ತೆಗೆದುಕೊಳ್ಳೋಣ.

1. ಊಟದ ಡಬ್ಬಿ (ಕಿರಾಣಿ, ಹಾಲು, ತರಕಾರಿ): 1,700
2. ಮನೆಯ ಡಬ್ಬಿ (ಬಾಡಿಗೆ, ಗ್ಯಾಸ್): 600
3. ಔಷಧಿ ಮತ್ತು ಆಪತ್ತಿನ ಡಬ್ಬಿ: 200
4. ಹಬ್ಬ, ಮದುವೆ, ಉರುಸಿನ ಡಬ್ಬಿ: 200
5. ಶಾಲೆಯ ಡಬ್ಬಿ: 200

ಉಳಿದ 100 ರೂಪಾಯಿ ಕೈಖರ್ಚಿಗೆ. ಒಟ್ಟು 3,000. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು. ಮುಖ್ಯವಾದದ್ದು ಕ್ರಮ: ಕೂಲಿ ಅಥವಾ ಪಗಾರ ಮನೆಗೆ ಬಂದ ದಿನವೇ ಹಂಚಬೇಕು. ಖರ್ಚು ಮಾಡಿ ಉಳಿದದ್ದನ್ನು ಶಾಲೆಯ ಡಬ್ಬಿಗೆ ಹಾಕುತ್ತೇವೆ ಎಂದರೆ ಉಳಿಯುವುದಿಲ್ಲ.

ಗಳಿಕೆ ಫೋನಿಗೆ ಬರುವವರು ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ, ಬೇಕಾದಷ್ಟು ತೆಗೆದು ಹಂಚಿಕೊಳ್ಳಬಹುದು. ಫೋನಿನಲ್ಲಿರುವ ರೊಕ್ಕ ಕಣ್ಣಿಗೆ ಕಾಣುವುದಿಲ್ಲ. ಡಬ್ಬಿಯ ತಳ ಕಾಣುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಾಗ ಅದರಲ್ಲಿ ಸ್ವಲ್ಪ ಪಾಲು ಶಾಲೆಯ ಡಬ್ಬಿಗೆ ಹೋಗಲಿ. ಆದರೆ ಬರುವ ಮೊದಲೇ ಅದನ್ನು ಲೆಕ್ಕಕ್ಕೆ ಹಿಡಿದು ಉದ್ರಿ ತರಬೇಡಿ.

ಮೂರು ನಿಯಮ ನೆನಪಿಡಿ. ಒಂದು, ಒಂದು ಡಬ್ಬಿಯಿಂದ ಇನ್ನೊಂದಕ್ಕೆ ತೆಗೆದರೆ ತೆಗೆದ ಮೊತ್ತ ಮತ್ತು ದಿನಾಂಕ ಬರೆದ ಚೀಟಿಯನ್ನು ಖಾಲಿಯಾದ ಜಾಗದಲ್ಲಿ ಹಾಕಿ. ಆ ಚೀಟಿ ಮನೆಯವರ ಸಾಲಪತ್ರ; ಅದಕ್ಕೆ ಬಡ್ಡಿಯೂ ಇಲ್ಲ, ಅವಮಾನವೂ ಇಲ್ಲ. ಎರಡು, ಜ್ವರ ಬಂದರೆ ಮೊದಲು ಮೂರನೇ ಡಬ್ಬಿ ತೆಗೆಯಿರಿ, ಐದನೆಯದನ್ನು ಕೊನೆಗೆ. ಮೂರು, ಕೆಲಸ ಇಲ್ಲದ ವಾರ 200ರ ಬದಲು 50 ಹಾಕಿ, 10 ಹಾಕಿ. ಪದ್ಧತಿ ಮಾತ್ರ ತಪ್ಪದಿರಲಿ. ಊಟಕ್ಕೇ ಸಾಲದ ವಾರ ಏನೂ ಹಾಕಬೇಡಿ. ಮಕ್ಕಳನ್ನು ಹಸಿವಿಗೆ ಇಟ್ಟು ಉಳಿಸುವುದು ಉಳಿತಾಯವಲ್ಲ.

ಗೋಲಕದ ಚಿಲ್ಲರೆ

ಐದು ಡಬ್ಬಿಯ ಜೊತೆ ಒಂದು ಗೋಲಕ ಮಕ್ಕಳ ಕೈಯಲ್ಲಿ ಇರಲಿ. ಕಿರಾಣಿಯಿಂದ, ಸಂತೆಯಿಂದ ತಿರುಗಿ ಬಂದ ನಾಣ್ಯ ಅದಕ್ಕೆ. ದಿನಕ್ಕೆ 5 ರೂಪಾಯಿ ಬಿದ್ದರೆ ವರ್ಷಕ್ಕೆ 1,825 ರೂಪಾಯಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಮೊದಲು ಕೊಡುತ್ತಿದ್ದ ಆ ಟಿಕೆಟಿನ ರೊಕ್ಕವನ್ನು ತಾಯಿಯೋ ಮಗಳೋ ಊರಿಗೆ ಹೋಗಿಬಂದ ದಿನ ಗೋಲಕಕ್ಕೆ ಹಾಕಿ ನೋಡಿ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯ ಲೆಕ್ಕ ಆಗ ತಿಳಿಯುತ್ತದೆ.

10 ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂಬ ಗಾಳಿಮಾತಿಗೆ ಹೆದರಬೇಡಿ. ಬೇರೆ ಬೇರೆ ವಿನ್ಯಾಸದ ಎಲ್ಲ 10 ರೂಪಾಯಿ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿಯೇ ಸ್ಪಷ್ಟಪಡಿಸಿದೆ. 50 ಪೈಸೆಯೂ ಚಲಾವಣೆಯಲ್ಲಿದೆ. 25 ಪೈಸೆ ಮತ್ತು ಅದಕ್ಕಿಂತ ಸಣ್ಣವು ಮಾತ್ರ 2011ರಲ್ಲಿ ನಿಂತವು. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಮೇಲ್ಪಟ್ಟ ನಾಣ್ಯಗಳಲ್ಲಿ ಒಮ್ಮೆಗೆ 1,000 ರೂಪಾಯಿವರೆಗೆ ಪಾವತಿ ಮಾಡಬಹುದು. ಬ್ಯಾಂಕಿಗೆ ಒಯ್ಯುವಾಗ ನೂರು ನೂರು ನಾಣ್ಯ ಎಣಿಸಿ ಚೀಲ ಕಟ್ಟಿಕೊಂಡು ಹೋದರೆ ಅವರಿಗೂ ಸುಲಭ, ನಿಮಗೂ ಸುಲಭ.

ಸಾವಿರ ಮುಟ್ಟಿದ ಮೇಲೆ

ಡಬ್ಬಿಯಲ್ಲಿ 1,000 ರೂಪಾಯಿ ಮುಟ್ಟಿದರೆ ಅದನ್ನು ಬ್ಯಾಂಕಿಗೋ ಅಂಚೆ ಕಚೇರಿಗೋ ಹಾಕಿ. ಕಳ್ಳರ ಭಯ, ಇಲಿಯ ಕಾಟ, ಮಳೆಗಾಲದ ಸೋರುವ ಮನೆ ಒಂದು ಕಡೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ನೋಟು ರದ್ದಾದಾಗ ಅಡುಗೆಮನೆಯ ಡಬ್ಬಿಗಳಲ್ಲಿ ಗುಟ್ಟಾಗಿ ಕೂಡಿಸಿದ್ದ ತಾಯಂದಿರು ಪಟ್ಟ ಪಾಡು ಇನ್ನೊಂದು ಕಡೆ. ಡಬ್ಬಿ ರೊಕ್ಕವನ್ನು ಕೂಡಿಸುವ ಜಾಗ, ಕಾಯುವ ಜಾಗವಲ್ಲ.

ಬಡ್ಡಿ ಬೇಡ ಎಂಬ ಕಾರಣಕ್ಕೆ ಕೆಲವರು ಖಾತೆಯನ್ನೇ ತೆರೆಯುವುದಿಲ್ಲ. ಅವರ ಭಾವನೆಯನ್ನು ನಾವು ಗೌರವಿಸುತ್ತೇವೆ. ಆದರೆ ಸರ್ಕಾರದ ವಿದ್ಯಾರ್ಥಿವೇತನಗಳು ಈಗ ಆಧಾರ್ ಜೋಡಣೆಯಾದ ಖಾತೆಗೇ ನೇರವಾಗಿ ಬರುತ್ತವೆ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ; ಖಾತೆ ಸರಿ ಇಲ್ಲದಿದ್ದರೆ ಆಯ್ಕೆಯಾದರೂ ರೊಕ್ಕ ಕೈಗೆ ಬರುವುದಿಲ್ಲ. ಕನಿಷ್ಠ ಮೊತ್ತದ ಕಟ್ಟುಪಾಡಿಲ್ಲದ ಖಾತೆ ತೆರೆಯಿರಿ. ಖಾತೆಗೆ ಬಿದ್ದ ಬಡ್ಡಿಯನ್ನು ಬೇರೆಯಾಗಿ ಬರೆದಿಟ್ಟು, ಅದನ್ನು ಏನು ಮಾಡಬೇಕೆಂದು ನಿಮ್ಮ ಮಸೀದಿಯ ಆಲಿಮರನ್ನು ಕೇಳಿಕೊಳ್ಳಿ.

ಕೊಡುವ ಬಡ್ಡಿಯನ್ನೂ ಲೆಕ್ಕ ಹಾಕಿ. ಜೂನ್‌ನಲ್ಲಿ ನೂರಕ್ಕೆ ತಿಂಗಳಿಗೆ 5 ರೂಪಾಯಿಯಂತೆ 5,000 ಸಾಲ ತಂದರೆ ತಿಂಗಳಿಗೆ 250, ಹತ್ತು ತಿಂಗಳಿಗೆ 2,500. ಅಸಲು ಹಾಗೆಯೇ ನಿಂತಿರುತ್ತದೆ.

ಮಕ್ಕಳಿಗೆ ಅಭ್ಯಾಸ

ಈ ಲೆಕ್ಕವನ್ನು ಮಗುವೇ ಮಾಡಲಿ. ಒಂದು ಮನೆಯಲ್ಲಿ 40 ವಾರ ತಲಾ 200 ರೂಪಾಯಿ, ಕೆಲಸ ಕಡಿಮೆಯಾದ 12 ವಾರ ತಲಾ 50 ರೂಪಾಯಿ ಶಾಲೆಯ ಡಬ್ಬಿಗೆ ಬಿದ್ದಿತು. ಗೋಲಕದಲ್ಲಿ 1,825 ಕೂಡಿತು. ಒಟ್ಟು ಎಷ್ಟು? (8,000 + 600 + 1,825 = 10,425 ರೂಪಾಯಿ.) ಈಗ ನಿಮ್ಮ ಮನೆಯ ಅಂಕಿ ಹಾಕಿ, ಜೂನ್ ತಿಂಗಳಿಗೆ ಎಷ್ಟು ಕೊರತೆ ಬೀಳುತ್ತದೆ ಎಂದು ತಂದೆ-ತಾಯಿಗೆ ಓದಿ ಹೇಳಿ. ಓದು ಬಾರದ ತಾಯಿ ಇರುವ ಮನೆಯಲ್ಲಿ ಡಬ್ಬಿಯ ಲೆಕ್ಕದ ಪುಸ್ತಕ ಮಗಳ ಕೈಯಲ್ಲಿರಲಿ. ಮನೆಯ ಲೆಕ್ಕ ಬರೆಯುವ ಮಗಳ ಓದನ್ನು ನಿಲ್ಲಿಸುವ ಮಾತು ಬಂದಾಗ ಮನೆಯವರು ಎರಡು ಸಲ ಯೋಚಿಸುತ್ತಾರೆ.

ಕೊನೆಯಲ್ಲಿ ಎರಡು ಮಾತು

ಪಾಲಕರಿಗೆ: ಉಳಿತಾಯ ತೋರಿಸಿದರೆ ವಿದ್ಯಾರ್ಥಿವೇತನ ಕೈತಪ್ಪುತ್ತದೆ ಎಂಬ ಅಂಜಿಕೆ ಬೇಡ. ಡಬ್ಬಿಯಲ್ಲಿ ಎಷ್ಟಿದೆ ಎಂದು ನಾವು ಕೇಳುವುದಿಲ್ಲ. ಡಬ್ಬಿ ವಿದ್ಯಾರ್ಥಿವೇತನದ ಬದಲಿಗೆ ಬಂದದ್ದಲ್ಲ. ಅದು ಬರುವವರೆಗೆ ಮಗುವನ್ನು ಶಾಲೆಯಲ್ಲಿ ಉಳಿಸುವ ಸಾಧನ.

ದಾನಿಗಳಿಗೆ: ನಿಮ್ಮ ಸಹಾಯ ಯಾವ ತಿಂಗಳಲ್ಲಿ ಬಂದರೂ ನಾವು ಕೃತಜ್ಞರು. ಆದರೆ ಮೇ ತಿಂಗಳೊಳಗೆ ಬಂದ 500 ರೂಪಾಯಿ ಒಂದು ಪ್ರವೇಶವನ್ನು ಉಳಿಸಬಹುದು. ಅದೇ 500 ಸೆಪ್ಟೆಂಬರಿಗೆ ಬಂದಾಗ ಆ ಮಗು ಹತ್ತಿ ಹೊಲದಲ್ಲಿ ಇರಬಹುದು. ಸಾಧ್ಯವಾದವರು ತಮ್ಮ ಮನೆಯಲ್ಲಿಯೂ ಆರನೆಯ ಡಬ್ಬಿಯೊಂದನ್ನು ಇಡಿ, ಅದನ್ನು ಮೇ ತಿಂಗಳಿಗೆ ತೆರೆಯಿರಿ.