ಮುಚ್ಚಿದ ಮನೆಯೊಳಗಿನ ಬೀಡಿ ಹೊಗೆ



ಮೂಡಿಗೆರೆ, ಕಳಸದ ಕಡೆ ಮಳೆ ಹಿಡಿಯಿತೆಂದರೆ ಬಿಡುವುದು ಯಾವಾಗ ಎಂದು ಹೇಳಲಾಗದು. ತೋಟದ ಲೈನ್ ಮನೆಗಳಲ್ಲಿ ಕಿಟಕಿ ಬಾಗಿಲು ಮುಚ್ಚಿ, ಒದ್ದೆ ಬಟ್ಟೆಯನ್ನು ಒಲೆಯ ಬಳಿ ಹರವಿ, ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕೂರುವ ದಿನಗಳವು. ಚಳಿಗೆಂದು ಅಪ್ಪ ಒಂದು ಬೀಡಿ ಹಚ್ಚುತ್ತಾನೆ. ಆ ಹೊಗೆಗೆ ಹೊರಗೆ ಹೋಗಲು ದಾರಿಯಿಲ್ಲ. ಪಕ್ಕದಲ್ಲಿರುವ ಮಗು ಅದನ್ನೇ ಉಸಿರಾಡುತ್ತದೆ.

“ಸೇದುವವನು ನಾನು, ಹಾಳಾದರೆ ನನ್ನ ಎದೆ ತಾನೇ?” ಎನ್ನುವವರಿದ್ದಾರೆ. ಈ ಮಾತು ಸರಿಯಲ್ಲ. ತಾವು ಒಮ್ಮೆಯೂ ಸೇದದಿದ್ದರೂ, ಗಂಡಂದಿರು ವಿಪರೀತ ಸೇದುವ ಮನೆಗಳ ಹೆಂಗಸರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಎಂಬುದನ್ನು ಜಪಾನಿನ ತಾಕೇಶಿ ಹಿರಾಯಾಮ ಅವರು 1981ರಲ್ಲೇ ತೋರಿಸಿದರು. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು.

ಮಕ್ಕಳಿಗೇ ಏಕೆ ಹೆಚ್ಚು ಅಪಾಯ? ಅವರ ಉಸಿರಾಟ ದೊಡ್ಡವರಿಗಿಂತ ವೇಗ, ಶ್ವಾಸನಾಳ ಕಿರಿದು. ಎದ್ದು ಹೊರಗೆ ಹೋಗುವ ಸ್ವಾತಂತ್ರ್ಯವೂ ಅವರಿಗಿಲ್ಲ. ಪದೇ ಪದೇ ಕೆಮ್ಮು, ನ್ಯುಮೋನಿಯಾ, ಉಬ್ಬಸ, ಕಿವಿ ಸೋರುವುದು ಇವೆಲ್ಲ ಅಂಥ ಮನೆಗಳಲ್ಲಿ ಹೆಚ್ಚು. ಗರ್ಭಿಣಿ ಈ ಹೊಗೆ ಕುಡಿದರೆ ಕೂಸಿನ ತೂಕ ಕಡಿಮೆಯಾಗಬಹುದು. 2004ರ ಒಂದೇ ವರ್ಷದಲ್ಲಿ ಪರರ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು ಸುಮಾರು 6 ಲಕ್ಷ, ಅವರಲ್ಲಿ 1,65,000 ಮಂದಿ ಮಕ್ಕಳು ಎಂದು 2011ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಈಗ ಮನೆಯ ಲೆಕ್ಕ ನೋಡೋಣ. ಬೀಡಿಗೆ ದಿನಕ್ಕೆ 20 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 7,300 ರೂಪಾಯಿ. ಇದು ಕಣ್ಣಿಗೆ ಕಾಣುವ ಖರ್ಚು. ಮಗುವಿಗೆ ಉಬ್ಬಸ ಏರಿದ ದಿನ ತಾಯಿ ಕೂಲಿ ಬಿಡಬೇಕು, ಕಳಸದಿಂದ ಚಿಕ್ಕಮಗಳೂರಿಗೆ ಬಸ್ಸು ಹಿಡಿಯಬೇಕು, ಔಷಧಿ ಕೊಳ್ಳಬೇಕು. ಮಗುವಿಗೆ ಶಾಲೆ ತಪ್ಪುತ್ತದೆ. ಇದನ್ನು ಯಾರೂ ಬೀಡಿಯ ಲೆಕ್ಕಕ್ಕೆ ಬರೆಯುವುದಿಲ್ಲ. ಪರರ ಹೊಗೆಯಿಂದ ಬರುವ ಕಾಯಿಲೆಗಳ ಚಿಕಿತ್ಸೆಗೆ ನಮ್ಮ ದೇಶ ವರ್ಷಕ್ಕೆ ಸುಮಾರು 56,700 ಕೋಟಿ ರೂಪಾಯಿ ತೆರುತ್ತಿದೆ ಎಂದು 2022ರ ಅಧ್ಯಯನವೊಂದು ಲೆಕ್ಕ ಹಾಕಿತು.

ಸಾರ್ವಜನಿಕ ಸ್ಥಳಗಳಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ದೇಶದೆಲ್ಲೆಡೆ ಬಿಗಿಯಾಗಿ ಜಾರಿಗೆ ಬಂತು. ಬಸ್ಸಿನಲ್ಲಿ ಪಕ್ಕದವರ ಮಗುವಿಗೆ ಈ ರಕ್ಷಣೆಯಿದೆ. ಆದರೆ ನಮ್ಮ ಮನೆಯ ಹೊಸ್ತಿಲೊಳಗೆ ಆ ಕಾನೂನು ಬರುವುದಿಲ್ಲ. ಅಲ್ಲಿ ನಿಯಮ ಮಾಡಬೇಕಾದವರು ತಂದೆತಾಯಿಗಳೇ.

ವ್ಯಾಟಿಕನ್ ನಗರದಲ್ಲಿ ನೌಕರರಿಗೆ ಸಿಗರೇಟು ಮಾರುವ ವ್ಯವಸ್ಥೆಯಿತ್ತು. ಅದರಿಂದ ಒಳ್ಳೆಯ ಆದಾಯವೂ ಇತ್ತು. ಜನರ ಆರೋಗ್ಯಕ್ಕೆ ಹಾನಿ ಮಾಡುವ ಲಾಭ ಬೇಡವೆಂದು ಪೋಪ್ ಫ್ರಾನ್ಸಿಸ್ ಅವರು 2018ರಿಂದ ಆ ಮಾರಾಟವನ್ನು ನಿಲ್ಲಿಸುವ ನಿರ್ಧಾರ ಕೈಗೊಂಡರು. ನಾವು ಬಿಡಬೇಕಾಗಿರುವುದು ಲಾಭವನ್ನಲ್ಲ, ನಷ್ಟವನ್ನು.

ಮನೆಯಲ್ಲಿ ಮಾಡಬಹುದಾದದ್ದು:

1. ಮನೆಯೊಳಗೆ ಯಾರೂ ಸೇದಬಾರದು. ಬಂದ ನೆಂಟರೂ ಅಷ್ಟೇ. ಕಿಟಕಿ ತೆರೆದರೆ, ಪಕ್ಕದ ಕೋಣೆಗೆ ಹೋದರೆ ಸಾಲದು. ಮಳೆಯಿದ್ದರೂ ಕೊಡೆ ಹಿಡಿದು ಅಂಗಳಕ್ಕೆ ಹೋಗಿ, ಬಾಗಿಲು ಎಳೆದುಕೊಳ್ಳಿ.

2. ಬೀಡಿ, ಬೆಂಕಿಪೊಟ್ಟಣ ತರಲು ಮಕ್ಕಳನ್ನು ಅಂಗಡಿಗೆ ಕಳಿಸಬೇಡಿ.

3. ಒಲೆಯ ಹೊಗೆಯೂ ಕೆಟ್ಟದ್ದೇ. ಆದರೆ ಅದರ ನೆಪ ಹೇಳಿ ಇನ್ನೊಂದು ಹೊಗೆ ಸೇರಿಸಬೇಡಿ. ಒಲೆ ಬದಲಿಸಲು ಹಣ ಬೇಕು, ಬೀಡಿ ನಿಲ್ಲಿಸಲು ಬೇಡ.

4. ಪೂರ್ತಿ ಬಿಡುವುದೇ ಉತ್ತಮ. ಒಬ್ಬರಿಗೇ ಕಷ್ಟವಾದರೆ ವೈದ್ಯರನ್ನು ಕಾಣಿರಿ. ಕೇಂದ್ರ ಸರ್ಕಾರದ ಉಚಿತ ದೂರವಾಣಿ 1800-11-2356 ಕೂಡ ನೆರವಾಗುತ್ತದೆ. ಹೆಂಡತಿ ಮಕ್ಕಳು ಹಂಗಿಸದೆ ಜೊತೆಗೆ ನಿಲ್ಲಲಿ.

ಕುಟುಂಬದಲ್ಲಿ ಮಾತಾಡಿಕೊಳ್ಳಿ: ಕಳೆದ ಮಳೆಗಾಲದಲ್ಲಿ ನಮ್ಮ ಮಗು ಎಷ್ಟು ದಿನ ಕೆಮ್ಮಿತು? ಅದಕ್ಕಾಗಿ ಎಷ್ಟು ದಿನದ ಕೂಲಿ ಹೋಯಿತು? ಈ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯ ನಿಯಮ ಏನು?