ಓಟಕ್ಕೆ ಮೊದಲು ನಾಡಕಚೇರಿ

ಅಳಿಯಾ, ಬೆಳಿಗ್ಗೆ ಐದಕ್ಕೇ ಎದ್ದು ಓಡುತ್ತಿದ್ದೀಯಂತೆ, ಸಂತೋಷ. ಪೊಲೀಸ್ ಕೆಲಸ ಅಂದಕೂಡಲೇ ಎಲ್ಲ ಹುಡುಗರೂ ಮೊದಲು ಕೊಳ್ಳುವುದು ಶೂ. ನಾನಾಗಿದ್ದರೆ ಮೊದಲು ಒಂದು ಫೈಲು ಕೊಳ್ಳುತ್ತಿದ್ದೆ. ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತನಾದವನು ನಾನು. ನೇಮಕಾತಿ ಮೈದಾನದಲ್ಲಿ ಬಂದೋಬಸ್ತಿಗೂ ನಿಂತಿದ್ದೇನೆ, ದಾಖಲೆ ನೋಡುವ ಮೇಜಿನ ಪಕ್ಕದಲ್ಲೂ ನಿಂತಿದ್ದೇನೆ. ಓಟದಲ್ಲಿ ಸೋತ ಹುಡುಗ ಮಣ್ಣು ಕೊಡವಿಕೊಂಡು, ಮುಂದಿನ ಸಲ ನೋಡ್ಕೋತೀನಿ ಅಂತ ಹೊರಡುತ್ತಾನೆ. ಪರೀಕ್ಷೆ ಪಾಸಾಗಿ, ಓಟವನ್ನೂ ಮುಗಿಸಿ, ಯಾವುದೋ ಒಂದು ಪ್ರಮಾಣಪತ್ರದ ತಾರೀಕು ತಪ್ಪಿ ಹೊರಬಿದ್ದವನ ಮುಖ ನೋಡಲಾಗುವುದಿಲ್ಲ.

ಕಾಗದದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಯಾವ ಪೊಲೀಸ್ ಅನ್ನುವುದನ್ನು ಇತ್ಯರ್ಥ ಮಾಡಿಕೋ. ಖಾಕಿ ಹಾಕಿದವರೆಲ್ಲ ಒಂದೇ ಅಂತ ಊರಿನವರು ತಿಳಿದಿದ್ದಾರೆ. ಠಾಣೆಯಲ್ಲಿ ಇರುವವರು, ದೂರು ತೆಗೆದುಕೊಳ್ಳುವವರು, ಬೀಟ್ ತಿರುಗುವವರು, ಸಮನ್ಸ್ ಜಾರಿ ಮಾಡುವವರು ಸಿವಿಲ್ ಪೊಲೀಸರು. ಜಿಲ್ಲೆಯಲ್ಲಿ ಡಿಎಆರ್, ಕಮಿಷನರೇಟ್ ಇರುವ ನಗರದಲ್ಲಿ ಸಿಎಆರ್ ಅನ್ನುತ್ತಾರಲ್ಲ, ಅವರು ಸಶಸ್ತ್ರ ಮೀಸಲು ಪಡೆಯವರು. ಕೈದಿಗಳ ಬೆಂಗಾವಲು, ಗಾರ್ಡ್ ಡ್ಯೂಟಿ, ವಾಹನ ಎಲ್ಲ ಅವರ ಪಾಲು. ಕೆಎಸ್‌ಆರ್‌ಪಿ ಬೆಟಾಲಿಯನ್ ಲೆಕ್ಕ. ಗಲಾಟೆ ಎಲ್ಲಿ ಆಗುತ್ತದೋ, ಚುನಾವಣೆ ಎಲ್ಲಿ ನಡೆಯುತ್ತದೋ ಅಲ್ಲಿಗೆ ವ್ಯಾನು ಹತ್ತಬೇಕು. ಸಿವಿಲ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಕೇಳುತ್ತಾರೆ. ಉಳಿದೆರಡಕ್ಕೂ ಎಸ್ಸೆಸ್ಸೆಲ್ಸಿ ಸಾಕು. ಪಿಎಸ್‌ಐ ಆಗಲು ಪದವಿ ಬೇಕು, ಅದೂ ಅರ್ಜಿ ಹಾಕುವ ಕೊನೆಯ ದಿನದ ಹೊತ್ತಿಗೆ ಕೈಯಲ್ಲಿರಬೇಕು. ಡಿವೈಎಸ್ಪಿ ಆಗಬೇಕಾದರೆ ಕೆಪಿಎಸ್‌ಸಿಯ ಕೆಎಎಸ್ ಪರೀಕ್ಷೆ, ಐಪಿಎಸ್ ಬೇಕಾದರೆ ಯುಪಿಎಸ್‌ಸಿ. ಆ ದಾರಿಗಳೇ ಬೇರೆ.

ನೀನು ಡಿಗ್ರಿಯ ಕೊನೇ ವರ್ಷದಲ್ಲಿದ್ದೀಯ. ಆದರೆ ಪಿಎಸ್‌ಐಯೇ ಆಗ್ತೀನಿ, ಪಿಸಿ ಆಗಲ್ಲ ಅಂತ ಹಟ ಹಿಡಿದು ಕೂರಬೇಡ. ಅಧಿಸೂಚನೆ ನಮ್ಮ ಹಟ ನೋಡಿಕೊಂಡು ಬರುವುದಿಲ್ಲ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥ ಆಗುವವರೆಗೆ ಅಂತ 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಹೊಸ ನೇಮಕಾತಿ ಅಧಿಸೂಚನೆಗಳನ್ನೇ ತಡೆಹಿಡಿದರು. ಎಷ್ಟು ಹುಡುಗರ ವಯಸ್ಸು ಅಲ್ಲಿ ಸುಮ್ಮನೆ ಕರಗಿತು! 2022ರ ಸಿವಿಲ್ ಕಾನ್‌ಸ್ಟೆಬಲ್ ಅಧಿಸೂಚನೆಯಲ್ಲಿ ವಯಸ್ಸು ಸಾಮಾನ್ಯ ವರ್ಗಕ್ಕೆ 19ರಿಂದ 25, ಮೀಸಲು ವರ್ಗಗಳಿಗೆ 27ರವರೆಗೆ ಇತ್ತು. ಸರ್ಕಾರ ಆಗಾಗ ಸಡಿಲಿಕೆ ಕೊಟ್ಟಿದೆ ನಿಜ, ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಬಂದದ್ದಕ್ಕೆಲ್ಲ ಅರ್ಜಿ ಹಾಕು. ಕಾನ್‌ಸ್ಟೆಬಲ್ ಆಗಿದ್ದುಕೊಂಡೇ ಪಿಎಸ್‌ಐ ಪರೀಕ್ಷೆ ಬರೆಯುವವರಿಗೆ ಸೇವಾನಿರತರ ಕೋಟಾ ಇದೆ. ನನ್ನ ಹಾಗೆ ಸೀನಿಯಾರಿಟಿ ಮೇಲೆ ಕಾಯುತ್ತಾ ಕೂತರೆ ಎಎಸ್‌ಐ ಆಗುವಷ್ಟರಲ್ಲಿ ಕೂದಲು ಬೆಳ್ಳಗಾಗಿರುತ್ತದೆ.

ಇನ್ನೊಂದು, ಘಟಕದ ಆಯ್ಕೆ. ಸಿವಿಲ್ ಕಾನ್‌ಸ್ಟೆಬಲ್ ನೇಮಕಾತಿ ನಡೆಯುವುದು ಜಿಲ್ಲೆ ಅಥವಾ ಕಮಿಷನರೇಟ್ ಲೆಕ್ಕದಲ್ಲಿ. ಒಂದು ಘಟಕ ಆರಿಸಿಕೊಂಡೆಯೋ, ನಿನ್ನ ಸ್ಪರ್ಧೆ ಅಲ್ಲಿನವರ ಜೊತೆ, ಕಟಾಫ್ ಅಲ್ಲಿನದು, ಆಮೇಲೆ ನಿನ್ನ ಸೀನಿಯಾರಿಟಿಯೂ ಅಲ್ಲೇ. ಬೆಂಗಳೂರಿನಲ್ಲಿ ಪೋಸ್ಟ್ ಜಾಸ್ತಿ ಇವೆ ಅಂತ ಹಾಕಿಬಿಟ್ಟು, ಸೇರಿದ ಮೂರನೇ ವರ್ಷಕ್ಕೆ ಅಂತರ ಜಿಲ್ಲಾ ವರ್ಗಾವಣೆ ಅಂತ ಕಚೇರಿ ಕಚೇರಿ ಅಲೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಸಿಕ್ಕರೂ ಹೊಸ ಜಾಗದಲ್ಲಿ ಸೀನಿಯಾರಿಟಿ ಪಟ್ಟಿಯ ಬುಡದಿಂದ ಶುರು. ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಜವಾಬ್ದಾರಿ ನಿನ್ನ ತಲೆ ಮೇಲಿದೆ. ಎರಡು ಅಂಕ ಕಟಾಫ್ ಹೆಚ್ಚಿದ್ದರೂ ಊರ ಹತ್ತಿರದ ಜಿಲ್ಲೆಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮಪ್ಪ ಬೇರೆ ಹೇಳಬಹುದು.

ಈಗ ಫೈಲಿಗೆ ಬರೋಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದು ಆಧಾರ್ ಪಕ್ಕದಲ್ಲಿ ಇಟ್ಟು ನೋಡು. ಹೆಸರು, ಇನಿಷಿಯಲ್, ಹುಟ್ಟಿದ ತಾರೀಕು ಅಕ್ಷರ ಅಕ್ಷರ ಹೊಂದಬೇಕು. ಒಂದರಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಅಪ್ಪನ ಹೆಸರು ಪೂರ್ತಿ, ಹೀಗಿದ್ದರೆ ಈಗಲೇ ಆಧಾರ್ ಸರಿಮಾಡಿಸು. ಅಂಕಪಟ್ಟಿ ತಿದ್ದಿಸುವುದು ಕಷ್ಟ, ಆಧಾರ್ ಸುಲಭ. ಆಮೇಲೆ ನಾಡಕಚೇರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿ ಅವರಿಗೆ ನಮೂನೆ ಎಫ್. ನಾವು ಎಫ್‌ನವರು, ಅದರ ಆಯಸ್ಸು ಐದು ವರ್ಷ. ನಿನ್ನದು ಪಿಯುಸಿಗೆ ಸೇರುವಾಗ ಮಾಡಿಸಿದ್ದು, ನಿಮ್ಮಮ್ಮ ಅದನ್ನು ದೇವರ ಮನೆಯ ಬೀರುವಿನಲ್ಲಿ ಇಟ್ಟಿದ್ದಾಳೆ, ನನಗೆ ಗೊತ್ತು. ತೆಗೆದು ತಾರೀಕು ನೋಡು.

ನೀನು ಒಂದರಿಂದ ಹತ್ತನೇ ತರಗತಿವರೆಗೆ ನಮ್ಮ ಹಳ್ಳಿಯಲ್ಲೇ ಓದಿದವನು, ಅದೂ ಕನ್ನಡ ಮಾಧ್ಯಮದಲ್ಲಿ. ಇದು ನಿನಗೆ ಗೊತ್ತಿಲ್ಲದೆ ನಿನ್ನ ಕೈಯಲ್ಲಿರುವ ದೊಡ್ಡ ಆಸ್ತಿ. ಗ್ರಾಮೀಣ ಅಭ್ಯರ್ಥಿಗೆ ಬೇರೆ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಮೀಸಲು. ಗ್ರಾಮೀಣ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ ಸಹಿಯ ಜೊತೆಗೆ ಬಿಇಒ ಅವರ ಮೇಲುಸಹಿ ಬೇಕು. ಪ್ರೈಮರಿ ಒಂದು ಶಾಲೆ, ಹೈಸ್ಕೂಲು ಇನ್ನೊಂದು ಶಾಲೆ ಆದರೆ ಎರಡೂ ಕಡೆ ಹೋಗಬೇಕು. ಹೆಡ್‌ಮಾಸ್ಟರು ಟ್ರೈನಿಂಗ್‌ಗೆ ಹೋಗಿರುತ್ತಾರೆ, ಬಿಇಒ ಮೀಟಿಂಗ್‌ನಲ್ಲಿರುತ್ತಾರೆ, ಸೀಲು ಗುಮಾಸ್ತರ ಡ್ರಾಯರಿನಲ್ಲಿ ಇರುತ್ತದೆ, ಅವರು ಅವತ್ತು ರಜೆ. ಅಧಿಸೂಚನೆ ಬಂದ ಮೇಲೆ ಇದನ್ನೆಲ್ಲ ಶುರುಮಾಡಿದರೆ ಕೊನೆಯ ದಿನ ದಾಟಿಹೋಗುತ್ತದೆ. ಅರ್ಜಿಯಲ್ಲಿ ಮೀಸಲಾತಿ ಕೇಳಿ, ಪ್ರಮಾಣಪತ್ರವನ್ನು ಕೊನೆಯ ದಿನ ಆದಮೇಲಿನ ತಾರೀಕಿನಲ್ಲಿ ತಂದರೆ ಅದು ನಡೆಯುವುದಿಲ್ಲ. ಮೇಜಿನ ಮುಂದೆ ಅತ್ತರೂ ನಡೆಯುವುದಿಲ್ಲ, ಶಾಸಕರಿಂದ ಫೋನ್ ಮಾಡಿಸಿದರೂ ಅಷ್ಟೇ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಾಗಿದ್ದರೆ 371ಜೆ ಅರ್ಹತಾ ಪತ್ರವೂ ಫೈಲಿನಲ್ಲಿರಬೇಕು. ನಿನ್ನ ರಾಯಚೂರಿನ ರೂಮ್‌ಮೇಟ್‌ಗೆ ಇದನ್ನು ಹೇಳು, ಅವನ ಫೈಲು ನಿನ್ನದಕ್ಕಿಂತ ಖಾಲಿ ಇರುತ್ತದೆ.

ಇನ್ನು ಓಟ. ಕಾನ್‌ಸ್ಟೆಬಲ್ ಹುದ್ದೆಗೆ ಮೊದಲು ಲಿಖಿತ ಪರೀಕ್ಷೆ, ಅದರಲ್ಲಿ ಮೇಲೆ ಬಂದವರನ್ನು ಒಂದು ಹುದ್ದೆಗೆ ಐವರ ಹಾಗೆ ಮೈದಾನಕ್ಕೆ ಕರೆಯುತ್ತಾರೆ. ಪಿಎಸ್‌ಐಗೆ ಉಲ್ಟಾ, ಮೈದಾನ ಮೊದಲು, ಬರವಣಿಗೆ ಆಮೇಲೆ. ಆದರೆ ಎರಡರಲ್ಲೂ ಮೈದಾನಕ್ಕೆ ಅಂಕ ಇಲ್ಲ ಕಣೋ. ಪಾಸು, ಇಲ್ಲವೇ ಫೇಲು. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿದವನೂ ಐದೂವರೆ ನಿಮಿಷಕ್ಕೆ ಮುಗಿಸಿದವನೂ ಪಟ್ಟಿಯಲ್ಲಿ ಸಮ. ಪಟ್ಟಿ ನಿಲ್ಲುವುದು ಲಿಖಿತ ಅಂಕದ ಮೇಲೆ. ನೀನು ದಿನಕ್ಕೆ ಮೂರು ಗಂಟೆ ಓಡಿ, ಅರ್ಧ ಗಂಟೆ ಓದುತ್ತಿದ್ದೀಯಲ್ಲ, ಅದನ್ನು ತಿರುಗಿಸು.

ಹಾಗಂತ ಓಟ ಹಗುರ ಅಂತಲ್ಲ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಲೆಕ್ಕ ಹಾಕಿದರೆ ಸುತ್ತಿಗೆ 97 ಸೆಕೆಂಡ್ ಚಿಲ್ಲರೆ. ಹುಡುಗರು ಮಾಡುವ ತಪ್ಪು ಮೊದಲ ಸುತ್ತಿನಲ್ಲೇ ಇದೆ. ಪಕ್ಕದವನು ಹಾರಿದ ಅಂತ ತಾವೂ ಹಾರುತ್ತಾರೆ, 75 ಸೆಕೆಂಡಿಗೆ ಒಂದು ಸುತ್ತು ಮುಗಿಸಿ ಅಪ್ಪ ಅಮ್ಮ ನಿಂತಿರುವ ಕಡೆ ನೋಡಿ ನಗುತ್ತಾರೆ. ಮೂರನೇ ಸುತ್ತಿಗೆ ಪಕ್ಕೆ ಹಿಡಿದುಕೊಳ್ಳುತ್ತದೆ. ಕೈಗಡಿಯಾರ ಕಟ್ಟಿಕೊಂಡು ಸುತ್ತಿಗೆ 95ರಂತೆ ನಾಲ್ಕನ್ನೂ ಒಂದೇ ಹದದಲ್ಲಿ ಓಡುವುದನ್ನು ಕಲಿ, ಅದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಉದ್ದ ಜಿಗಿತ 3.80 ಮೀಟರ್, ಅದು ಆಗದಿದ್ದರೆ ಎತ್ತರ ಜಿಗಿತ 1.20. ಗುಂಡು 7.26 ಕಿಲೋ, ಎಸೆಯಬೇಕಾದದ್ದು 5.60 ಮೀಟರ್. ಗುಂಡು ತೋಳಿನ ಬಲದಿಂದ ಹೋಗುವುದಿಲ್ಲ, ಸೊಂಟ ತಿರುಗಿಸಬೇಕು. ಹೈಸ್ಕೂಲಿನ ಪಿಇಟಿ ಮೇಷ್ಟ್ರ ಹತ್ತಿರ ನಾಲ್ಕು ದಿನ ಹೋಗು, ಕಲಿಸಿಕೊಡುತ್ತಾರೆ.

ಎತ್ತರ 168 ಸೆಂಟಿಮೀಟರ್, ಬರಿಗಾಲಲ್ಲಿ. ಎದೆ ಪೂರ್ತಿ ಉಬ್ಬಿಸಿದಾಗ 86, ಉಬ್ಬು ಕನಿಷ್ಠ 5. ಎತ್ತರ ದೇವರು ಕೊಟ್ಟದ್ದು, ಎದೆ ಮಾತ್ರ ಅಭ್ಯಾಸದ್ದು. ಟೇಪು ಹಿಡಿದವರು ಉಸಿರು ತಗೋ ಅಂದಾಗ ಹುಡುಗರು ಹೊಟ್ಟೆ ಉಬ್ಬಿಸುತ್ತಾರೆ, ಹೆಗಲು ಮೇಲಕ್ಕೆ ಎತ್ತುತ್ತಾರೆ, ಟೇಪು ಇದ್ದಲ್ಲೇ ಇರುತ್ತದೆ. ಮನೆಯಲ್ಲಿ ನಿನ್ನ ತಂಗಿ ಕೈಗೆ ದರ್ಜಿ ಟೇಪು ಕೊಟ್ಟು ಅಳತೆ ತೆಗೆಸಿಕೊಂಡು ಅಭ್ಯಾಸ ಮಾಡು. ಹಾಗೇ ಅವಳಿಗೂ ಹೇಳು, ಹೆಣ್ಣುಮಕ್ಕಳಿಗೆ ಎತ್ತರ 157, ತೂಕ 45 ಕಿಲೋ, 400 ಮೀಟರ್ ಎರಡು ನಿಮಿಷದಲ್ಲಿ, ಉದ್ದ ಜಿಗಿತ 2.50 ಅಥವಾ ಎತ್ತರ ಜಿಗಿತ 0.90, 4 ಕಿಲೋ ಗುಂಡು 3.75 ಮೀಟರ್. ನನ್ನನ್ನು ಕೇಳಿದರೆ ನಿಮ್ಮಿಬ್ಬರಲ್ಲಿ ಅವಳೇ ಮೊದಲು ಸೇರುತ್ತಾಳೆ, ಓದುವ ಚಟ ಅವಳಿಗಿದೆ.

ಕಾನ್‌ಸ್ಟೆಬಲ್ ಪರೀಕ್ಷೆ 100 ಪ್ರಶ್ನೆ, ಒಂದೂವರೆ ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಸಾಮಾನ್ಯ ಜ್ಞಾನ, ವಿಜ್ಞಾನ, ಭೂಗೋಳ, ಇತಿಹಾಸ, ಸಂವಿಧಾನ, ಮಾನಸಿಕ ಸಾಮರ್ಥ್ಯ. ಧಾರವಾಡ, ವಿಜಯಪುರಕ್ಕೆ ಹೋಗಿ ಕೋಚಿಂಗ್ ಸೇರುವವರನ್ನು ಬೇಡ ಅನ್ನುವುದಿಲ್ಲ. ಆದರೆ ಮೊದಲು ಐದರಿಂದ ಹತ್ತನೇ ತರಗತಿಯ ಸಮಾಜ, ವಿಜ್ಞಾನ ಪುಸ್ತಕ ಮುಗಿಸು, ಹಳೇ ಪ್ರಶ್ನೆಪತ್ರಿಕೆ ಬಿಡಿಸು. ಪಿಎಸ್‌ಐಗೆ ಎರಡು ಪತ್ರಿಕೆ. ಎರಡನೆಯದು 150 ಅಂಕದ ಬಹು ಆಯ್ಕೆ ಪ್ರಶ್ನೆಗಳದು. ಮೊದಲನೆಯದು 50 ಅಂಕದ್ದು, ಪ್ರಬಂಧ, ಸಾರಾಂಶ, ಭಾಷಾಂತರ ಎಲ್ಲ ಕೈಯಾರೆ ಬರೆಯಬೇಕು. ಇಲ್ಲೇ ನಿನ್ನಂಥವರು ಜಾರುವುದು. ಫೋನಿನಲ್ಲಿ ಒತ್ತಿ ಒತ್ತಿ ನಿಮಗೆ ಒಂದು ಪುಟ ಕನ್ನಡ ಬರೆಯುವ ಕೈ ಹೋಗಿದೆ. ದಿನಕ್ಕೊಂದು ಸಂಪಾದಕೀಯ ಓದಿ ಅದರ ಸಾರ ಬರೆ. ಇದು ಪರೀಕ್ಷೆಗಷ್ಟೇ ಅಲ್ಲ. ಮಹಜರು, ಹೇಳಿಕೆ, ಕೇಸ್ ಡೈರಿ ಅಂತ ಪೊಲೀಸನ ಅರ್ಧ ಕೆಲಸ ಬರವಣಿಗೆಯೇ. ಪಂಚನಾಮೆಯಲ್ಲಿ ಒಂದು ವಾಕ್ಯ ಸಡಿಲ ಆದರೆ ಕೋರ್ಟಿನಲ್ಲಿ ವಕೀಲರು ಅದನ್ನೇ ಎಳೆಯುತ್ತಾರೆ.

ದುಡ್ಡಿನ ಮಾತು. ಯಾರಾದರೂ ಬಂದು, ಇಷ್ಟು ಲಕ್ಷ ಕೊಟ್ಟರೆ ಮಾಡಿಸ್ತೀನಿ, ಮೇಲಿನವರು ಗೊತ್ತು ಅಂದರೆ ಅವನಿಗೆ ಕಾಫಿಯನ್ನೂ ಕೊಡಬೇಡ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಒಎಂಆರ್ ಹಾಳೆ ತಿದ್ದಿದ್ದು, ಬ್ಲೂಟೂತ್ ಇಟ್ಟುಕೊಂಡು ಬರೆದದ್ದು ಹೊರಬಿತ್ತು. ಸಿಐಡಿ ತನಿಖೆ ಆಯಿತು, 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯನ್ನೇ ರದ್ದು ಮಾಡಿದರು, ಆಮೇಲೆ ನೇಮಕಾತಿ ವಿಭಾಗದಲ್ಲಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯನ್ನೇ ಬಂಧಿಸಿದರು. ಮರುಪರೀಕ್ಷೆ ಆದದ್ದು 2024ರ ಜನವರಿ 23ಕ್ಕೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ. ಹೊಲ ಮಾರಿ ದುಡ್ಡು ಕೊಟ್ಟವರಿಗೆ ಕೇಸು. ಪ್ರಾಮಾಣಿಕವಾಗಿ ಬರೆದು ಪಟ್ಟಿಯಲ್ಲಿ ಹೆಸರು ಕಂಡವರಿಗೂ ಎರಡು ವರ್ಷ ಹೋಯಿತು, ಮತ್ತೆ ಮೊದಲಿಂದ ಓದಬೇಕಾಯಿತು. ನನಗೆ ಹೊಟ್ಟೆ ಉರಿದದ್ದು ಈ ಎರಡನೆಯವರಿಗಾಗಿ.

ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೂ ಊರಿಗೆಲ್ಲ ಪೇಡ ಹಂಚಬೇಡ. ವೈದ್ಯಕೀಯ ಪರೀಕ್ಷೆ ಇದೆ; ಕಣ್ಣು, ಬಣ್ಣ ಗುರುತಿಸುವುದು, ಚಪ್ಪಟೆ ಪಾದ ಎಲ್ಲ ನೋಡುತ್ತಾರೆ. ಬಣ್ಣದ ತೊಂದರೆ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಈಗಲೇ ಗೊತ್ತಾಗಲಿ, ಮೂರು ವರ್ಷ ಓದಿ ಆಮೇಲೆ ಅಲ್ಲ. ಜಾತಿ ಪ್ರಮಾಣಪತ್ರಕ್ಕೆ ಸಿಂಧುತ್ವ ತರಬೇಕು. ಆಮೇಲೆ ಪೂರ್ವಾಪರ ಪರಿಶೀಲನೆ. ಆ ಫಾರಂನಲ್ಲಿ ನಿನ್ನ ಮೇಲೆ ಯಾವುದಾದರೂ ಪ್ರಕರಣ ಇತ್ತೇ ಅಂತ ಕೇಳುತ್ತಾರೆ. ಹೋದ ವರ್ಷ ಗಣೇಶನ ಮೆರವಣಿಗೆಯಲ್ಲಿ ಡಿಜೆ ವಿಚಾರಕ್ಕೆ ಆದ ಗಲಾಟೆಯಲ್ಲಿ ನಿನ್ನ ಹೆಸರು ಬರೆದುಕೊಂಡಿದ್ದರಲ್ಲ, ಅದು ಎಫ್‌ಐಆರ್ ಆಯಿತೋ ಇಲ್ಲವೋ ವಿಚಾರಿಸಿಕೊಂಡು ಬಾ. ಆಗಿದ್ದರೆ ಬರೆ. ಖುಲಾಸೆ ಆದ ಸಣ್ಣ ಕೇಸಿನಿಂದ ಕೆಲಸ ಹೋಗಲೇಬೇಕು ಅಂತೇನಿಲ್ಲ, ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮುಚ್ಚಿಟ್ಟದ್ದಕ್ಕೇ ಕೆಲಸ ಹೋಗಬಹುದು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ವಿಚಾರವನ್ನು ವಿವರವಾಗಿ ಹೇಳಿದೆ. ಈ ವರ್ಷದ ಮೆರವಣಿಗೆಗೆ ಹೋಗು, ಪ್ರಸಾದ ತಿಂದು ಮನೆಗೆ ಬಾ.

ಕೆಲಸ ಹೇಗಿರುತ್ತದೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ತಿಂಗಳುಗಟ್ಟಲೆ ಟ್ರೈನಿಂಗ್, ಪಿಎಸ್‌ಐಗಳಿಗೆ ಮೈಸೂರಿನ ಅಕಾಡೆಮಿ ಅಥವಾ ಕಲಬುರಗಿಯ ನಾಗನಹಳ್ಳಿ. ಕಾನ್‌ಸ್ಟೆಬಲ್‌ಗಳಿಗೆ ಚನ್ನಪಟ್ಟಣ, ಖಾನಾಪುರ, ಐಮಂಗಲದಂಥ ಶಾಲೆಗಳು. ಪರೇಡು ಮಾತ್ರ ಅಲ್ಲ, ಕಾನೂನು ಪಾಠವೂ ಇದೆ; 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ನಾವು ಬಾಯಿಪಾಠ ಮಾಡಿದ್ದ 302, 420 ಎಲ್ಲ ಈಗ ಬೇರೆ ನಂಬರು. ಸ್ಟೇಷನ್ನಿಗೆ ಬಂದ ಮೇಲೆ ಹಬ್ಬ ನಮ್ಮ ಲೆಕ್ಕದಲ್ಲಿ ಬಂದೋಬಸ್ತು. ದಸರಾ ಅಂದರೆ ಮೈಸೂರಿನಲ್ಲಿ ಬಿಸಿಲಿಗೆ ನಿಲ್ಲುವುದು, ಅಂಬಾರಿ ನೋಡುವುದಲ್ಲ. ಜನದ ಕಡೆ ಮುಖ ಮಾಡಿ ನಿಂತವನ ಬೆನ್ನ ಹಿಂದೆ ಅದು ಹಾದುಹೋಗುತ್ತದೆ. ಹೊಸಬರನ್ನು ಮೊದಲು ಸೆಂಟ್ರಿಗೆ ಹಾಕುತ್ತಾರೆ, ಇಲ್ಲವೇ ಅನಾಥ ಶವದ ಪಕ್ಕ ಶವಾಗಾರದ ಮುಂದೆ ರಾತ್ರಿ ಕೂರಿಸುತ್ತಾರೆ. ಬೇಜಾರು ಮಾಡಿಕೊಳ್ಳದೆ ಸ್ಟೇಷನ್ ರೈಟರ್ ಪಕ್ಕ ಕೂತು ಕೆಲಸ ಕಲಿ. ಠಾಣೆಯಲ್ಲಿ ಇನ್‌ಸ್ಪೆಕ್ಟರ್‌ಗಿಂತ ಹೆಚ್ಚು ಕಾನೂನು ಗೊತ್ತಿರುವವರು ಎಷ್ಟೋ ಸಲ ಅವರೇ. ನಮ್ಮ ಸ್ಲೋಚ್ ಹ್ಯಾಟು ಹೋಗಿ 2025ರಲ್ಲಿ ಪಿಸಿಗಳಿಗೂ ನೀಲಿ ಪೀಕ್ ಕ್ಯಾಪ್ ಬಂತು. ಆ ಹ್ಯಾಟು ಮಳೆಗೆ ನೆನೆದರೆ ತಲೆ ಮೇಲೆ ಇಟ್ಟಿಗೆ ಇಟ್ಟ ಹಾಗೆ ಇರುತ್ತಿತ್ತು, ನಿಮ್ಮ ಪುಣ್ಯ.

ಈ ಸೋಮವಾರ ಓಟ ಮುಗಿಸಿಕೊಂಡು ನಾಡಕಚೇರಿಗೆ ಹೋಗಿ ನಮೂನೆ ಎಫ್‌ಗೆ ಅರ್ಜಿ ಕೊಡು, ಆಧಾರ್, ರೇಷನ್ ಕಾರ್ಡು, ಹಳೇ ಪ್ರಮಾಣಪತ್ರದ ಜೆರಾಕ್ಸ್ ತಗೊಂಡು ಹೋಗು. ಬುಧವಾರ ಹೈಸ್ಕೂಲು. ಹೆಡ್‌ಮಾಸ್ಟರು ಮಧ್ಯಾಹ್ನ ಊಟದ ಬೆಲ್ಲು ಹೊಡೆಯುವ ಮುಂಚೆ ಸಿಗುತ್ತಾರೆ, ಆಮೇಲೆ ಸಿಗುವುದಿಲ್ಲ.